ಅರಿಶಿನ ಬೇಯುವ ವಾಸನೆ

ಸ್ಟೀಲ್ ಡಬ್ಬಿಯಲ್ಲಿ ಅಕ್ಷತೆ, ಇನ್ನೊಂದು ಡಬ್ಬಿಯಲ್ಲಿ ಜೀರಿಗೆ ಬೆಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ, ಒಂದು ತೆಂಗಿನಕಾಯಿ, ಕೆಂಪು ಮಖಮಲ್ಲಿನ ಪುಟ್ಟ ಪೆಟ್ಟಿಗೆಯಲ್ಲಿ ತಾಳಿ. ರಕ್ತ, ಕಫ, ಮೂತ್ರದ ಮಾದರಿಗಳು ಬಂದು ಕೂರುವ ನನ್ನ ಮೇಜಿನ ಮೇಲೆ ಆವತ್ತು ಇವು ಬಂದು ಕೂತಿದ್ದವು. ತೆಂಗಿನಕಾಯಿ ನಿಜವಾಗಿ ಇತ್ತೇ ಎಂದು ಈಗ ಕೇಳಿದರೆ ಖಾತ್ರಿಯಿಲ್ಲ. ಮದುವೆ ಅಂದರೆ ತೆಂಗಿನಕಾಯಿ ಇರಲೇಬೇಕೆಂದು ನನ್ನ ತಲೆ ತಾನೇ ತಂದಿಟ್ಟಿರಬಹುದು. ಇಪ್ಪತ್ತು ಸಲ ಹೇಳಿದ ಕಥೆಯಲ್ಲಿ ನಡೆದದ್ದೆಷ್ಟು, ಹೇಳಿ ಹೇಳಿ ಸೇರಿದ್ದೆಷ್ಟು ಎಂದು ಬೇರ್ಪಡಿಸುವ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಉಳಿದ ಸಾಮಾನು ಇದ್ದದ್ದು ಮಾತ್ರ ನಿಜ. ಅವುಗಳಿಂದ ನಾನು ಪಟ್ಟ ಪಾಡು ಮರೆಯುವಂಥದ್ದಲ್ಲ.

ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ನಾನು ಸೂಕ್ಷ್ಮಜೀವಿ ತಜ್ಞ. ರೋಗಿಗೆ ಆಸ್ಪತ್ರೆಯಿಂದಲೇ ಸೋಂಕು ತಗುಲದಂತೆ ನೋಡಿಕೊಳ್ಳುವುದು ನನ್ನ ಕೆಲಸ. ವಾರ್ಡಿನಲ್ಲಿ ನನ್ನ ತಲೆ ಕಂಡರೆ ಜನ ಕೈ ತೊಳೆಯಲು ಓಡುತ್ತಾರೆ. ಆ ಸಾಮಾನು ಬರುವ ಮುಂಚೆ ರಕ್ತರೋಗದ ಡಾಕ್ಟರ್ ಮೇಡಂ ಫೋನ್ ಮಾಡಿದ್ದರು.

"ಕಸಿ ಘಟಕದ ಕೊನೇ ರೂಮಿನ ಹುಡುಗಿ ಗೊತ್ತಲ್ಲ? ಅವಳ ಮದುವೆ. ರೂಮಲ್ಲೇ ತಾಳಿ ಕಟ್ಟಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಏನೇನು ಒಳಗೆ ಹೋಗಬಹುದು ಅಂತ ನೀವು ಹೇಳ್ಬೇಕು."

"ಏನೂ ಹೋಗಬಾರದು ಮೇಡಂ."

"ಅದು ನಂಗೂ ಗೊತ್ತು. ಅದರ ಮುಂದಿನ ಉತ್ತರ ಹೇಳಿ."

ಹುಡುಗಿ ಬಾಗಲಕೋಟೆ ಕಡೆಯವಳು. ಬಿಟಿಎಂನಲ್ಲಿ ಬಾಡಿಗೆಗಿದ್ದುಕೊಂಡು ವಿಮೆಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಹುಡುಗ ಗಿರಿನಗರದವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಿಶ್ಚಿತಾರ್ಥವಾದ ಮೇಲೆ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಕೀಮೋ ಅದನ್ನು ಹತೋಟಿಗೆ ತಂದಿತು; ಅಣ್ಣನ ಅಸ್ಥಿಮಜ್ಜೆ ಹೊಂದಿತು. ಕಸಿಗೆ ಮುಂಚಿನ ಬಿಡುವಿನಲ್ಲಿ ಜಯನಗರದ ಛತ್ರವೊಂದರಲ್ಲಿ ಮದುವೆ ಎಂದು ನಿಶ್ಚಯಿಸಿಕೊಂಡಿದ್ದರು. ಬಿಡುವಿಗೆ ಬದಲಾಗಿ ಜ್ವರ ಬಂತು. ಜ್ವರ ಇಳಿದರೂ ಬಿಳಿ ರಕ್ತಕಣ ಏರಲಿಲ್ಲ, ಇನ್ನು ಕಾದರೆ ಕ್ಯಾನ್ಸರ್ ಮತ್ತೆ ತಲೆಯೆತ್ತಬಹುದೆಂದು ಮೇಡಂಗೆ ಭಯ. ನಾಳಿದ್ದು ಸಂಜೆ ಕಸಿಯ ಮುಂಚಿನ ದೊಡ್ಡ ಕೀಮೋ ಶುರು ಎಂದು ನಿಶ್ಚಯವಾಯಿತು. ಛತ್ರ ಬಿಟ್ಟರು. ಕೀಮೋ ದಿನದ್ದೇ ಮಧ್ಯಾಹ್ನದ ಮುಹೂರ್ತ ಬಿಡಲಿಲ್ಲ.

ಸಾಮಾನು ತಂದವರು ಹುಡುಗನ ಅಜ್ಜಿ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು.

"ಅಜ್ಜಿ, ಚಪ್ಪಲಿ ಹಾಕ್ಕೊಳ್ಳಿ. ಇಲ್ಲಿ ನೆಲ ಗಲೀಜು."

"ಗಲೀಜಾದ್ರೆ ಸಾರಿಸಪ್ಪ. ಸೋಂಕಿನ ಡಾಕ್ಟ್ರು ಅಂತ ಬೋರ್ಡ್ ಬೇರೆ ಹಾಕ್ಕೊಂಡಿದೀಯ."

ಒಂದೊಂದೇ ಡಬ್ಬಿ ತೆಗೆದು ತೋರಿಸಿದರು. ನಾನು ಒಂದೊಂದಕ್ಕೂ ತಲೆ ಅಲ್ಲಾಡಿಸುತ್ತಾ ಹೋದೆ. ಜೀರಿಗೆ ಬೆಲ್ಲ ಬೇಡ, ವಧೂವರರು ಒಬ್ಬರ ತಲೆಗೊಬ್ಬರು ಖಾಲಿ ಕೈ ಇಟ್ಟರೆ ಸಾಕು. ಹೂವಂತೂ ಬೇಡವೇ ಬೇಡ, ಒದ್ದೆ ಹೂವಿನಲ್ಲಿ ಬ್ಯಾಕ್ಟೀರಿಯಾದ ಜಾತ್ರೆಯೇ ಇರುತ್ತದೆ.

"ದೇವರಿಗೆ ಏರಿಸೋ ಹೂವಪ್ಪ ಅದು."

"ದೇವರಿಗೆ ಬಿಳಿ ರಕ್ತಕಣ ಕಮ್ಮಿಯಾಗಿರಲ್ಲ ಅಜ್ಜಿ."

ಅಜ್ಜಿ ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ. "ನಿಂಗೆ ಮದುವೆ ಆಗಿದೆಯಾ?" ಅಂದರು. ಆಗಿದೆ ಅಂದೆ. "ಪಾಪ, ಆ ಹುಡುಗಿ," ಅಂದರು.

ಸಂಜೆ ಮದುಮಗಳನ್ನು ನೋಡಲು ಹೋದೆ. ಕಸಿ ಘಟಕದ ರೂಮಿಗೆ ಎರಡು ಬಾಗಿಲು, ನಡುವೆ ಗೌನು ಮಾಸ್ಕು ಹಾಕಿಕೊಳ್ಳುವ ಪುಟ್ಟ ಕೋಣೆ. ಒಂದು ಬಾಗಿಲು ತೆರೆದಿದ್ದಾಗ ಇನ್ನೊಂದನ್ನು ತೆರೆಯುವಂತಿಲ್ಲ. ಸೋಸಿದ ಗಾಳಿಯನ್ನು ರೂಮಿನೊಳಕ್ಕೆ ಒತ್ತಡದಿಂದ ತುಂಬುತ್ತಿರುತ್ತಾರೆ. ಹಾಗಾಗಿ ಬಾಗಿಲು ತೆರೆದಾಗ ಗಾಳಿ ಒಳಗಿಂದ ಹೊರಗೆ ಬರುತ್ತದೆಯೇ ಹೊರತು ಹೊರಗಿನ ಧೂಳು ಒಳಗೆ ನುಗ್ಗುವುದಿಲ್ಲ. ಇನ್ನೊಂದು ಕಡೆಯ ಗೋಡೆಯಲ್ಲಿ ದೊಡ್ಡ ಗಾಜು, ಅದರಾಚೆ ಸಂಬಂಧಿಕರು ನಿಲ್ಲುವ ಓಣಿ. ಮಾತಾಡಲು ಎರಡೂ ಕಡೆ ಫೋನು. ನಾನು ಓಣಿಯ ಫೋನೆತ್ತಿಕೊಂಡೆ. ಅವಳು ಬೋಳುತಲೆಗೆ ಹಸಿರು ಸ್ಕಾರ್ಫ್ ಕಟ್ಟಿಕೊಂಡು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎದೆಯ ಬಲಭಾಗದಲ್ಲಿ ಔಷಧಿಯ ನಳಿಕೆ, ಅದರ ಮೇಲೆ ಪಾರದರ್ಶಕ ಪಟ್ಟಿ.

"ನೀವ ಏನ್ರಿ ಸರ, ನಮ್ಮ ಮದಿವಿಗೆ ಅಡ್ಡಗಾಲು ಹಾಕಾವ್ರು?"

ಅಡ್ಡಗಾಲು ಹಾಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಅಂದೆ. ಆಮೇಲೆ, ನಾನು ಕೇಳಬಾರದಾಗಿತ್ತೋ ಏನೋ, ಕೇಳಿಯೇಬಿಟ್ಟೆ: ಕಸಿ ಮುಗಿದು, ಹುಷಾರಾದ ಮೇಲೆ ದೊಡ್ಡದಾಗಿಯೇ ಮಾಡಿಕೊಳ್ಳಬಹುದಲ್ಲ?

"ಆಮ್ಯಾಲ, ಆಮ್ಯಾಲ ಅಂತ ಕೇಳಿ ಕೇಳಿ ಸಾಕಾಗೇತ್ರಿ. ಜಡ್ಡು ನನಗ ಬಂದೈತಿ ಸರ, ನಮ್ಮ ಮದಿವಿಗೆ ಬಂದಿಲ್ಲಲ್ಲ? ಆ ದೊಡ್ಡ ಕೀಮೋದಾಗ ಹೋಗೂದಂದ್ರ ಅವನ ಹೆಂಡತಿ ಆಗೇ ಹೋಗ್ತೀನಿ. ಏನರ ಹೆಚ್ಚುಕಮ್ಮಿ ಆದ್ರ..." ಅಂದು ನಿಲ್ಲಿಸಿದಳು. ಓಣಿಯಲ್ಲಿ ನನ್ನ ಪಕ್ಕ ಮದುಮಗ ನಿಂತಿದ್ದ. ಅವನಿಗೆ ಫೋನಿನ ಮಾತು ಕೇಳಿಸುತ್ತಿರಲಿಲ್ಲ. ಅವಳು ನಗುತ್ತಿದ್ದಾಳೆಂದು ಅವನೂ ನಗುತ್ತಿದ್ದ.

ಮರುದಿನ ಬೆಳಿಗ್ಗೆ ಅಕ್ಷತೆಯಿಂದ ಶುರುಮಾಡಿದೆ. ಅಕ್ಕಿಯಲ್ಲಿ ಬೂಷ್ಟಿನ ಬೀಜಾಣುಗಳಿರುತ್ತವೆ. ನಮಗದು ಲೆಕ್ಕಕ್ಕಿಲ್ಲ, ಅವಳಿಗೆ ಅದೇ ಶ್ವಾಸಕೋಶದಲ್ಲಿ ಮೊಳೆಯಬಹುದು. ಹಾಗಾದರೆ ಆಟೋಕ್ಲೇವಿಗೆ ಹಾಕೋಣ ಅಂದುಕೊಂಡೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಶುದ್ಧಿಮಾಡುವ ಯಂತ್ರ ಅದು. ಒಂದು ಮಾತಿನಲ್ಲಿ ಹೇಳಬೇಕೆಂದರೆ ದೊಡ್ಡ ಕುಕ್ಕರ್. ಡಾಕ್ಟರೇಟ್ ಮಾಡಿದವನಿಗೆ ಕುಕ್ಕರಿನಲ್ಲಿ ಅಕ್ಕಿ ಇಟ್ಟರೆ ಏನಾಗುತ್ತದೆಂದು ಹೊಳೆಯಲಿಲ್ಲ. ಬಟ್ಟೆಯ ಗಂಟು ಬಿಚ್ಚಿದಾಗ ಒಳಗೆ ಹಳದಿ ಅನ್ನದ ಮುದ್ದೆ. "ಸಾರ್, ಒಗ್ಗರಣೆ ಒಂದು ಬಾಕಿ," ಅಂದರು ನಮ್ಮ ಟೆಕ್ನೀಷಿಯನ್. ಅಕ್ಷತೆ ಗಾಜಿನಾಚೆಯ ಓಣಿಯಲ್ಲೇ ಬೀಳಲಿ ಎಂದು ತೀರ್ಮಾನವಾಯಿತು. ಆ ಓಣಿಯ ಗಾಳಿಗೂ ರೂಮಿನ ಗಾಳಿಗೂ ಸಂಬಂಧವಿಲ್ಲ.

ಉಳಿದದ್ದು ತಾಳಿ. ಅದರ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಚಿನ್ನಕ್ಕೆ ಹಬೆ ಏನು ಮಾಡೀತು? ಅದು ಅಜ್ಜಿಯ ಅತ್ತೆಯದು. ಮುತ್ತೈದೆಯಾಗೇ ಹೋದ ಹೆಂಗಸು, ಅವರ ತಾಳಿ ಮನೆಗೆ ಶ್ರೇಯಸ್ಸು ಅಂತ ತೆಗೆದಿಟ್ಟಿದ್ದರಂತೆ. "ಗಟ್ಟಿ ಚಿನ್ನ ಕಣಪ್ಪ. ಈಗಿನ ಕಾಲದ ಪೊಳ್ಳಲ್ಲ," ಅಂತ ಅಜ್ಜಿ ಎರಡು ಸಲ ಹೇಳಿ ಕೊಟ್ಟಿದ್ದರು. ಸ್ಟೆರಿಲೈಸೇಶನ್ ವಿಭಾಗದ ಸಿಸ್ಟರ್ ಅದನ್ನು ಕಣ್ಣಿಗೊತ್ತಿಕೊಂಡು, ಪೊಟ್ಟಣದಲ್ಲಿ ಹಾಕಿ, ಕತ್ತರಿ ಚಿಮಟಗಳ ಜೊತೆ ಒಳಗೆ ಕಳಿಸಿದರು. ಸ್ವಲ್ಪ ಹೊತ್ತಾದ ಮೇಲೆ ಫೋನ್ ಬಂತು.

"ಸಾರ್, ಒಂದ್ಸಲ ಕೆಳಗೆ ಬನ್ನಿ. ಫೋನಲ್ಲಿ ಹೇಳೋ ಹಾಗಿಲ್ಲ."

ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಗೆರೆಗಳು ಕಪ್ಪಾಗಿದ್ದವು. ಹಬೆ ಸರಿಯಾಗಿ ತಾಗಿದೆ ಎಂದರ್ಥ. ಒಳಗೆ, ಕಂದು ಬಣ್ಣದ ಅಂಟಿನ ಮಡುವಿನಲ್ಲಿ ತಾಳಿ ಬಿದ್ದುಕೊಂಡಿತ್ತು. ಎರಡು ಬೊಟ್ಟುಗಳೂ ಸೊಟ್ಟಗಾಗಿ, ಕಾಲಲ್ಲಿ ತುಳಿದ ಡಬ್ಬಿಯ ಮುಚ್ಚಳದಂತೆ ಒಳಕ್ಕೆ ಕುಸಿದಿದ್ದವು. ತೆಳ್ಳನೆಯ ಚಿನ್ನದ ತಗಡು. ಒಳಗೆ ತುಂಬಿದ್ದದ್ದು ಅರಗು. ಮೊಹರು ಒತ್ತುವ ಅರಗು. ಅದು ಕುದಿಯುವ ನೀರಿಗಿಂತ ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ. ನಮ್ಮ ಹಬೆ ಅದಕ್ಕಿಂತ ಎಷ್ಟೋ ಬಿಸಿ.

ಮನೆಯವರನ್ನು ಕೂರಿಸಿ ಮಾತಾಡುವ ಕೋಣೆಗೆ ಹೋಗಿ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅಜ್ಜಿ, ಮದುಮಗ, ಮದುಮಗಳ ತಾಯಿ ಇದ್ದರು. ಆದದ್ದನ್ನು ಆದ ಹಾಗೇ ಹೇಳಿದೆ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇದು ಚಲೋ ಶಕುನ ಅಲ್ರಿ. ದೇವರ ಬ್ಯಾಡಂತಾನ. ನಿಲ್ಲಿಸಿಬಿಡೂನ್ರಿ ಇಷ್ಟಕ್ಕ."

"ಅಮ್ಮ, ಈಗಲೇ ಜಯನಗರಕ್ಕೆ ಹೋಗಿ ಬೇರೆ ತರ್ತೀನಿ," ಅಂತ ಹುಡುಗ ಎದ್ದ.

"ಬ್ಯಾರೇದು ತಂದ್ರ ಶಕುನ ಬದಲಾಗತೈತೇನಪಾ?"

ನಾನು ಅರಗಿನ ಗುಣ ವಿವರಿಸಲು ಹೊರಟೆ. ಯಾವ ಶಾಖಕ್ಕೆ ಮೆತ್ತಗಾಗುತ್ತದೆ, ಹೇಗೆ ಹಿಗ್ಗುತ್ತದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಶಕುನಕ್ಕೆ ಕರಗುವ ಶಾಖವಿಲ್ಲ. ಅಷ್ಟರಲ್ಲಿ ಅಜ್ಜಿ ಪೊಟ್ಟಣ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಉಗುರಿನಿಂದ ಅರಗನ್ನು ಕೆರೆದು ಮೂಸಿದರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಮೊಮ್ಮಗ ಬಗ್ಗಿದ. ಅಜ್ಜಿ ನಗುತ್ತಿದ್ದರು.

"ಅಯ್ಯೋ ಮುದುಕಿ! ಸಾಯೋವರೆಗೂ ನಮ್ಮತ್ತೆ ತನ್ನದು ಗಟ್ಟಿ ಚಿನ್ನ, ಗಟ್ಟಿ ಚಿನ್ನ ಅಂತ ನನ್ನ ತಾಳೀನ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. ನಿಮ್ಮಪ್ಪ ಪೊಳ್ಳು ಹಾಕಿ ಕಳಿಸಿದಾನೆ ಅಂತ ಇಡೀ ಬೀದಿಗೆ ಸಾರಿದ್ಲು. ಒಳಗೆ ನೋಡಿದ್ರೆ ಪೂರ್ತಿ ಅರಗು!"

ಹುಡುಗನೂ ನಕ್ಕ. ನನಗೂ ನಗು ಬಂತು. ತಾಯಿ ಮಾತ್ರ ನಗಲಿಲ್ಲ. ಅವರು ಎದ್ದು ಗಾಜಿನ ಓಣಿಗೆ ನಡೆದರು, ನಾವು ಹಿಂದೆ ಹೋದೆವು. ಫೋನೆತ್ತಿ ಮಗಳಿಗೆ ಎಲ್ಲ ಹೇಳಿ, ಮದುವೆ ಬೇಡ ಅಂದರು. ಫೋನಿನ ದನಿ ಎಲ್ಲರಿಗೂ ಕೇಳಲಿ ಎಂದು ಹುಡುಗ ಗುಂಡಿ ಒತ್ತಿದ.

"ಅವ್ವಾ, ನಾ ಸಣ್ಣಾಕಿ ಇದ್ದಾಗ ನಿನ್ನ ತಾಳಿ ಹರದಿತ್ತಲ್ಲ, ಆವಾಗ ಏನ ಕಟ್ಕೊಂಡಿದ್ದಿ?"

"ಅರಿಷಿಣ ಬೇರು."

"ಎಷ್ಟ ದಿನ?"

"ಅಕ್ಕಸಾಲಿ ಮಾಡಿ ಕೊಡೂತನಕ. ಯಾಕ?"

"ಅಪ್ಪಗ ಏನರ ಆತೇನು ಆವಾಗ?"

"ಥೂ, ಬಿಡ್ತು ಅನ್ನು! ಗುಂಡುಕಲ್ಲಿನಂಗ ಅದಾನ ನಿಮ್ಮಪ್ಪ."

"ಮತ್ತ ನನ್ನ ಗಂಡಗ್ಯಾಕ ಆಗತೈತಿ? ಅದನ್ನ ಕಟ್ಟಸ್ರಿ ನನಗೂ. ಸರ, ಬೇರು ಒಳಗ ಬಿಡ್ತೀರೇನು?"

ಎಲ್ಲರೂ ನನ್ನ ಕಡೆ ತಿರುಗಿದರು. ಬಿಡುವುದಿಲ್ಲ ಅಂದೆ. ಒಣಗಿದ ಅರಿಶಿನದ ಕೊಂಬು ಅಂದರೆ ಮಣ್ಣಲ್ಲಿ ಬೆಳೆದ ಗೆಡ್ಡೆ. ಮಣ್ಣಲ್ಲಿ ಏನೇನಿರುತ್ತದೋ ಅದೆಲ್ಲ ಅದರ ಸುಕ್ಕುಗಳಲ್ಲಿರುತ್ತದೆ. ನಾನು ತಲೆ ಅಲ್ಲಾಡಿಸಿದ ಸಾಮಾನುಗಳಲ್ಲೆಲ್ಲ ಅತಿ ಕೆಟ್ಟದ್ದು ಅದೇ.

"ಸರ, ನೀವು ಅರಿಷಿಣ ಬೇಯಿಸೂದು ನೋಡೀರೇನು?"

ಇಲ್ಲ ಅಂದೆ.

"ನಮ್ಮ ಊರಾಗ ನದೀ ದಂಡಿಮ್ಯಾಲ ಎಲ್ಲಾ ಅರಿಷಿಣದ ಹೊಲಾರಿ. ಅಗದ ಮ್ಯಾಲ ದೊಡ್ಡ ದೊಡ್ಡ ಕಡಾಯ್ದಾಗ ಹಾಕಿ ಕುದಸ್ತಾರ. ಆಮ್ಯಾಲ ಒಣಗಸೂದು. ಇಡೀ ಊರಾಗ ಅದರದ ವಾಸ್ನಿ, ಸಾಲಿ ಒಳಗೂ ಬರ್ತಿತ್ತು. ಮಣ್ಣಾಗಿಂದು ಖರೇರಿ. ಆದ್ರ ಅಂಗಡಿಗೆ ಬರೂದ್ರಾಗ ಒಮ್ಮೆ ಕುದ್ದೇ ಬಂದಿರತೈತಿ. ಅದಕ್ಕ ಹಬೆ ಹೊಸಾದಲ್ಲ. ನೀವ ಇನ್ನೊಮ್ಮೆ ಕುದಸ್ರಿ."

ನಾನು ಯೋಚಿಸುತ್ತಾ ಪ್ರಯೋಗಾಲಯಕ್ಕೆ ಬಂದೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕಿ ಬೆಂದು ಅನ್ನವಾಗುತ್ತದೆ, ಅರಗು ಕರಗುತ್ತದೆ. ಬೆಂದು ಒಣಗಿದ ಕೊಂಬಿಗೆ ಕೆಡುವುದಕ್ಕೆ ಇನ್ನೇನು ಉಳಿದಿದೆ? ಹುಡುಗ ಗಾಂಧಿಬಜಾರಿಗೆ ಹೋಗಿ ಕೊಂಬುಗಳನ್ನು ತಂದ. ಒಂದೇ ಗಾತ್ರದ ಎರಡನ್ನು ಆರಿಸಿ, ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಮಾಮೂಲಿಗಿಂತ ಹೆಚ್ಚು ಹೊತ್ತು ಹಬೆಯಲ್ಲಿಟ್ಟೆ. ಜೊತೆಗೆ, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಬೀಜಾಣು ತುಂಬಿದ ಪರೀಕ್ಷಾ ಕೊಳವೆಯನ್ನೂ ಇಟ್ಟೆ. ಅವು ಸತ್ತಿದ್ದರೆ ಮಿಕ್ಕದ್ದೂ ಸತ್ತಿದೆ ಎಂದು ಲೆಕ್ಕ. ಒಂದು ಕೊಂಬನ್ನು ಪೊಟ್ಟಣದಲ್ಲೇ ಬಿಟ್ಟು, ಇನ್ನೊಂದನ್ನು ಮುರಿದು, ಅದರ ತಿರುಳನ್ನು ಸ್ವಲ್ಪ ಪೋಷಕ ದ್ರವದಲ್ಲಿ ಹಾಕಿ, ಸ್ವಲ್ಪ ಬೂಷ್ಟು ಬೆಳೆಸುವ ತಟ್ಟೆಗೆ ಸವರಿ ಬೆಚ್ಚಗಿಟ್ಟೆ. ಏನಾದರೂ ಬದುಕಿದ್ದರೆ ಬೆಳಗಾಗುವುದರೊಳಗೆ ದ್ರವ ಕದಡಿರುತ್ತದೆ.

ಬೆಳಿಗ್ಗೆ ನೋಡಿದರೆ ದ್ರವ ಕದಡಿತ್ತು. ಬೆಳಕಿಗೆ ಹಿಡಿದಾಗ ಗೊತ್ತಾಯಿತು: ಅದು ಅರಿಶಿನದ ಬಣ್ಣ. ಜೀವಿ ಬೆಳೆದು ಕದಡಿದೆಯೋ, ಅರಿಶಿನ ಬಿಟ್ಟುಕೊಂಡು ಕದಡಿದೆಯೋ ಕಣ್ಣಿಗೆ ಹೇಳಲು ಬರುವಂತಿಲ್ಲ. ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ಹುಡುಕಿದೆ. ಏನೂ ಕಾಣಲಿಲ್ಲ. ಬೀಜಾಣುವಿನ ಕೊಳವೆಯಲ್ಲೂ ಎಲ್ಲ ಸತ್ತಿದ್ದವು. ಆದರೆ ಅರಿಶಿನ ತಾನೇ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಇದ್ದವು ಸುಮ್ಮನೆ ಅಡಗಿರಬಹುದು. ಬೂಷ್ಟು ಮೊಳೆಯಲು ಇನ್ನಷ್ಟು ದಿನ ಬೇಕು. ಪೂರ್ತಿ ಖಾತ್ರಿ ಬೇಕೆಂದರೆ ಮುಹೂರ್ತ ಮಾತ್ರವಲ್ಲ, ಕೀಮೋವನ್ನೂ ಮುಂದೂಡಬೇಕು. ಅದಾಗುವ ಮಾತಲ್ಲ.

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನೂರಕ್ಕೆ ನೂರು ಅಂತ ಹೇಳಕ್ಕಾಗಲ್ಲ," ಅಂದೆ.

"ಕಸಿ ಬಗ್ಗೆ ನಾನು ಅವಳಿಗೆ ನೂರಕ್ಕೆ ನೂರು ಅಂತ ಹೇಳಿದೀನಾ?" ಅಂದರು ಮೇಡಂ.

ಕೊಂಬಿನ ಪೊಟ್ಟಣದ ಮೇಲೆ 'ಒಳಗೆ ಬಿಡಬಹುದು' ಎಂದು ಬರೆದು ಸಹಿ ಹಾಕಿದೆ. ಷರತ್ತುಗಳಿದ್ದವು. ದಾರ, ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಹತ್ತಿಯ ಲಾಡಿ. ಕೊಂಬು ನಳಿಕೆಯ ಪಟ್ಟಿಗೆ ತಾಗದಂತೆ ಕೊರಳ ಬುಡದಲ್ಲೇ ನಿಲ್ಲಬೇಕು. ಸಂಜೆ ಕೀಮೋ ಶುರುವಾಗುವ ಮುಂಚೆ ಬಿಚ್ಚಿ ಪೊಟ್ಟಣಕ್ಕೆ ಹಾಕಬೇಕು. ಮದುಮಗ ಕೈಗವಸು ಹಾಕಿಕೊಂಡೇ ಮೂರು ಗಂಟು ಹಾಕಬೇಕು. ಅದು ಸುಲಭವಲ್ಲ, ರಬ್ಬರು ಜಾರುತ್ತದೆ. ಮೇಡಂ ಅವನನ್ನು ಗ್ಲೂಕೋಸ್ ಬಾಟಲಿ ನೇತುಹಾಕುವ ಕಂಬದ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದರು. "ಬಲಗಡೆಯದು ಮೇಲೆ, ಆಮೇಲೆ ಎಡಗಡೆಯದು ಮೇಲೆ. ಇಲ್ಲಾಂದ್ರೆ ಬಿಚ್ಕೊಳ್ಳತ್ತೆ ಮೇಷ್ಟ್ರೇ." ಕಂಬಕ್ಕೆ ಅವನು ಎಷ್ಟು ಸಲ ತಾಳಿ ಕಟ್ಟಿದನೋ! ನರ್ಸುಗಳು ಕಂಬದ ಹೆಸರು ಹಿಡಿದು ಅವನನ್ನು ಗೋಳುಹೊಯ್ದುಕೊಂಡರು.

ಒಳಗೆ ಬಿಟ್ಟದ್ದು ಮದುಮಗನನ್ನು, ಹುಡುಗಿಯ ತಾಯಿಯನ್ನು ಮಾತ್ರ. ತಾಯಿ ಬಂದರು, ಅರಿಷಿಣ ಬೇರು ಅಂದಮೇಲೆ ಅವರು ಶಕುನದ ಮಾತೆತ್ತಿರಲಿಲ್ಲ. ಒಬ್ಬರು ನರ್ಸ್ ಮೊದಲೇ ಒಳಗಿದ್ದು, ಪೊಟ್ಟಣ ಬಿಚ್ಚಿ ಕೊಂಬನ್ನು ಶುದ್ಧ ಬಟ್ಟೆಯ ಮೇಲೆ ಇಟ್ಟಿದ್ದರು. ಗಾಜಿನಾಚೆ ಅಜ್ಜಿ, ಹುಡುಗಿಯ ಅಪ್ಪ, ಅಣ್ಣ, ಪುರೋಹಿತರು. ಮಂತ್ರ ಫೋನಿನಲ್ಲಿ ಬರುತ್ತಿತ್ತು. ನಡುಕೋಣೆಯಲ್ಲಿ ಗೌನು, ಟೋಪಿ, ಮಾಸ್ಕಿನಲ್ಲಿ ಮದುಮಗ ಮತ್ತು ತಾಯಿ. ಒಳಬಾಗಿಲ ಹಿಡಿಯ ಮೇಲೆ ನನ್ನ ಕೈ. ಆ ಮುಚ್ಚಿದ ಬಾಗಿಲೇ ಅಂತರಪಟ ಎಂದು ಪುರೋಹಿತರು ಒಪ್ಪಿಕೊಂಡಿದ್ದರು. ವಧೂವರರ ನಡುವಿನ ಪರದೆ ಸರಿಸುವ ಕೆಲಸ, ಪಂಚಾಂಗವನ್ನು ಎಂದೂ ತೆರೆದು ನೋಡದ ನನ್ನ ಪಾಲಿಗೆ ಬಂದಿತ್ತು.

ಫೋನಿನಲ್ಲಿ ಅಜ್ಜಿಯ ದನಿ, ಮಂತ್ರಕ್ಕಿಂತ ಜೋರಾಗಿ: "ತೆಗಿಯಪ್ಪಾ ಬಾಗಿಲು! ಮುಹೂರ್ತ!"

ತೆಗೆದೆ. ಒಳಗಿನ ಗಾಳಿ ನಮ್ಮ ಮೈಮೇಲೆ ಹಾದು ಹೊರಬಂತು. ಅದರ ಜೊತೆ ಅರಿಶಿನದ ವಾಸನೆ.

ಗಂಟುಗಳನ್ನು ಅವನು ಕಂಬಕ್ಕೆ ಕಟ್ಟಿದಷ್ಟು ಚೆನ್ನಾಗಿ ಕಟ್ಟಲಿಲ್ಲ. ಎರಡನೆಯದು ಜಾರಿತು. "ಅವಸರ ಮಾಡಬ್ಯಾಡ, ನಾ ಎಲ್ಲೂ ಓಡಿಹೋಗೂದಿಲ್ಲ," ಅಂದಳು. ಮೂರನೆಯದು ಬಿಗಿದಾಗ ಗಾಜಿನ ಮೇಲೆ ಅಕ್ಷತೆ ಪಟಪಟ ಬಿತ್ತು. ಅವಳು ತಿರುಗಿ ನೋಡಿ, ಕಾಳು ತನ್ನ ಮೇಲೇ ಬಿದ್ದಂತೆ ತಲೆ ಬಗ್ಗಿಸಿದಳು. ಅವಳ ಸೀರೆ ಹಸಿರು ಎಂದು ನನ್ನ ನೆನಪು. ಫೋಟೋದಲ್ಲಿ ನೋಡಿದರೆ ಸೀರೆಯೇ ಇಲ್ಲ. ಆಸ್ಪತ್ರೆಯ ನೀಲಿ ಅಂಗಿ, ತಲೆಗೆ ಹಸಿರು ಸ್ಕಾರ್ಫ್.

ಆ ಸಂಜೆ ಕೀಮೋ ಶುರುವಾಯಿತು. ಮುಂದಿನ ದಿನಗಳಲ್ಲಿ ಬೆಳಿಗ್ಗೆ ಬಂದೊಡನೆ ನಾನು ಮೊದಲು ನೋಡುತ್ತಿದ್ದದ್ದು ಎರಡು: ಅವಳ ರಕ್ತದ ಮಾದರಿ, ಮತ್ತು ಮುರಿದ ಕೊಂಬಿನ ತಿರುಳು ಸವರಿದ ತಟ್ಟೆ. ತಟ್ಟೆಯಲ್ಲಿ ಏನೂ ಮೊಳೆಯಲಿಲ್ಲ. ಕಸಿಯ ನಂತರ ಅವಳಿಗೆ ಜ್ವರ ಬಂದದ್ದುಂಟು, ಬಾಯಿಯೆಲ್ಲ ಹುಣ್ಣಾಗಿ ನೀರು ಕುಡಿಯಲಾಗದ ದಿನಗಳುಂಟು. ಪ್ರತಿ ಜ್ವರಕ್ಕೂ ನಾನು ಎದ್ದುಹೋಗಿ ಆ ತಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿಯುತ್ತಿದ್ದೆ. ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಅಣ್ಣನ ಮಜ್ಜೆ ಅವಳಲ್ಲಿ ಬೇರೂರಿತು. ಬೇಸಿಗೆ ಬರುವ ಹೊತ್ತಿಗೆ ಗಿರಿನಗರದ ಮನೆಗೆ ಹೋದಳು.

ಈಚೆಗೆ ತಪಾಸಣೆಗೆ ಬಂದವರು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಅವಳ ತಲೆಯ ಮೇಲೆ ಗುಂಗುರು ಕೂದಲು, ಮೊದಲು ಗುಂಗುರಿರಲಿಲ್ಲವಂತೆ. ಅಜ್ಜಿ ಈ ಸಲ ಚಪ್ಪಲಿ ಹಾಕಿಕೊಂಡೇ ಬಂದು, ಮೊಮ್ಮಗನ ಹೆಂಡತಿಯ ಕೊರಳಿನ ತಾಳಿಯನ್ನು ಎತ್ತಿ ತೋರಿಸಿದರು. ಕುಸಿದ ತಾಳಿಯನ್ನೇ ಕರಗಿಸಿ ಮಾಡಿಸಿದ್ದು, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. "ಇಷ್ಟೇ ಬಂತು. ಆದ್ರೆ ಗಟ್ಟಿ. ನೀನು ಎಷ್ಟು ಬೇಕಾದ್ರೂ ಬೇಯಿಸ್ಕೋ."

ಆವತ್ತಿನ ಮಾತು ಬಂತು. ನಾನು ವಾಸನೆಯ ವಿಷಯ ಎತ್ತಿದೆ. ಅರಿಶಿನದ ವಾಸನೆ ತನಗೆ ಬರಲೇ ಇಲ್ಲ, ಸ್ಯಾನಿಟೈಸರ್ ವಾಸನೆ ಬಿಟ್ಟರೆ ಏನೂ ನೆನಪಿಲ್ಲ ಎಂದ ಹುಡುಗ. ಅವನಿಗೆ ಗಂಟಿನದೇ ಗ್ಯಾನ. ನಾನೂ ಮಾಸ್ಕ್ ಹಾಕಿದ್ದೆನಲ್ಲ ಅಂದುಕೊಂಡೆ. ಆ ಮಾಸ್ಕು ಕಣಗಳನ್ನು ತಡೆಯುತ್ತದೆ, ವಾಸನೆಯನ್ನಲ್ಲ. ಗಾಳಿಯೂ ಒಳಗಿಂದ ಹೊರಕ್ಕೇ ಬರುತ್ತಿತ್ತು. ಬಂದಿರಬಹುದು. ಇಲ್ಲದ ಸೀರೆಯನ್ನು ಉಡಿಸಿದ ತಲೆ ಇಲ್ಲದ ವಾಸನೆಯನ್ನೂ ತಂದಿರಬಹುದು.

"ಸರ," ಅಂದಳು ಅವಳು. "ಮೊದಲಿನ ಕೀಮೋ ಆದಾಗಿಂದ ನನಗ ಯಾ ವಾಸ್ನೀನೂ ಬರ್ತಿದ್ದಿಲ್ಲರಿ. ಮದಿವಿ ದಿನ ಕೊಳ್ಳಾಗ ಬೇರು ಇತ್ತು, ಮೂಗಿಗೆ ಹಿಡಕೊಂಡ್ರೂ ಏನೂ ಇಲ್ಲ. ಆವತ್ತ ಅದೊಂದಕ್ಕ ಕಣ್ಣೀರ ಬಂದಿತ್ತ ನೋಡ್ರಿ. ನಿಮಗ ಖರೇನ ಬಂದಿತ್ತೇನ್ರಿ?"

ಇಂಥ ಪ್ರಶ್ನೆಗಳಿಗೆ ನನ್ನ ಉತ್ತರ ಯಾವಾಗಲೂ 'ಇರಬಹುದು' ಎಂದೇ ಶುರುವಾಗುತ್ತದೆ.

"ಬಂದಿತ್ತಮ್ಮ," ಅಂದೆ.

"ಹ್ಯಾಂಗಿತ್ತು? ಹೇಳ್ರಿ."

ಬಿಸಿನೀರು ಚೆಲ್ಲಿದ ಮಣ್ಣಿನ ಹಾಗೆ, ಅಂದೆ. ಸ್ವಲ್ಪ ಖಾರ, ಮೂಗಿನ ಹಿಂದೆ ಹೋಗಿ ಕೂರುವಂಥದ್ದು. ಅಡುಗೆಮನೆಯ ಅರಿಶಿನಪುಡಿಯ ಹಾಗಲ್ಲ, ಹಸಿಯಾಗಿ, ಹಬೆಹಬೆಯಾಗಿ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಹಾಂ, ಅದ ನೋಡ್ರಿ," ಅಂದಳು ಗಂಡನ ಕಡೆ ತಿರುಗಿ. "ನಮ್ಮೂರಾಗ ಕಡಾಯಿ ಇಟ್ಟಾಗ ಅದ ವಾಸ್ನಿ."